ಲೈಸೆನ್ಸ್ ಹೋಯಿತು, ಲೆಕ್ಕ ಕೇಳುವವರು ಯಾರು?

ಒಂದು ಕಾಲದಲ್ಲಿ ಬಜಾಜ್ ಸ್ಕೂಟರ್ ಬೇಕೆಂದರೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಗಿರಾಕಿಗಳು ಸಾಲುಗಟ್ಟಿದ್ದರೂ ಕಾರ್ಖಾನೆ ಹಿಗ್ಗಿಸಲು ದೆಹಲಿಯ ಅಪ್ಪಣೆ ಬೇಕು. ಷೇರನ್ನು ಎಷ್ಟಕ್ಕೆ ಮಾರಬೇಕೆಂಬುದನ್ನೂ ಅಲ್ಲಿನ ಅಧಿಕಾರಿಯೇ ಹೇಳುತ್ತಿದ್ದ. ಲಾಭ ಪರ್ಮಿಟ್ಟಿನಿಂದಲೇ ಹುಟ್ಟುವಾಗ ಮಾಲೀಕನಿಗೆ ಬೇಕಾದ ದೊಡ್ಡ ಜಾಣ್ಮೆ ಫೈಲು ಸರಿಸುವುದು. ನಿರ್ದೇಶಕ ಮಂಡಳಿಯಲ್ಲಿ ಮನೆಯವರು, ಬೇಕಾದವರು ಕೂತರೂ ಕೇಳುವವರಿರಲಿಲ್ಲ.

1991ರ ಜುಲೈ 24ರ ಕೈಗಾರಿಕಾ ನೀತಿ 18 ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆ ಲೈಸೆನ್ಸ್ ತೆಗೆದುಹಾಕಿತು. ಮರುವರ್ಷ ಷೇರು ಬೆಲೆಯ ನಿಯಂತ್ರಣವೂ ಹೋಗಿ, ಷೇರುಪೇಟೆಯ ಕಾವಲು ಸಂಸ್ಥೆ ಸೆಬಿಗೆ ಕಾನೂನಿನ ಬಲ ಬಂತು. 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಷೇರೊಂದಕ್ಕೆ 95 ರೂಪಾಯಿಯಂತೆ ಜನರ ಮುಂದೆ ಹೋಯಿತು. ಗುರುತು ಪರಿಚಯವಿಲ್ಲದವರ ದುಡ್ಡು ಬೇಕೆಂದರೆ ಪುಸ್ತಕ ಬಿಚ್ಚಿಡಬೇಕು. ಆ ಕಂಪನಿ ಕಾನೂನು ಕೇಳಿದ್ದಕ್ಕಿಂತ ಹೆಚ್ಚೇ ಬಿಚ್ಚಿಟ್ಟು, 1999ರಲ್ಲಿ ಅಮೆರಿಕದ ನಾಸ್ಡಾಕ್ ತಲುಪಿತು. ಆದರೆ ತೆರೆದ ಬಾಗಿಲಿನಿಂದ ಬೇರೆಯವರೂ ನುಗ್ಗಿದರು. ತೊಂಬತ್ತರ ದಶಕದಲ್ಲಿ ಜನರಿಂದ ಹಣ ಎತ್ತಿ, ಕಚೇರಿಗೆ ಬೀಗ ಹಾಕಿ ಮಾಯವಾದ ಕಂಪನಿಗಳಿಗೆ ಸರ್ಕಾರವೇ ‘ವ್ಯಾನಿಶಿಂಗ್ ಕಂಪನಿ’ ಎಂದು ಹೆಸರಿಟ್ಟಿತು (ಕಡತದ ಭಾಷೆಗೆ ಇಷ್ಟು ಕವಿತ್ವ ಅಪರೂಪ). ಪೈಪೋಟಿ ಸರಕಿನ ಗುಣವನ್ನು ತಿದ್ದುತ್ತದೆ. ಲೆಕ್ಕದ ಪುಸ್ತಕವನ್ನು ಅದು ತೆರೆದು ನೋಡುವುದಿಲ್ಲ. ಸರ್ಕಾರ ಎದ್ದುಹೋದ ಕುರ್ಚಿಯಲ್ಲಿ ಮಂಡಳಿ, ಆಡಿಟರು, ಷೇರುದಾರರು ಬಂದು ಕೂರದಿದ್ದರೆ ಮುಕ್ತಿ ಸಿಗುವುದು ಮಾಲೀಕನಿಗೆ ಮಾತ್ರ.

ನಿಯಮದಿಂದ ಏನಾಯಿತು, ಸಾಫ್ಟ್‌ವೇರ್ ಕಂಪನಿ ಸತ್ಯಂ ನೋಡಿ ಎನ್ನುವವರಿದ್ದಾರೆ. ಆಕ್ಷೇಪ ಹಗುರವಾದದ್ದಲ್ಲ. ಸ್ವತಂತ್ರ ನಿರ್ದೇಶಕರು ಇರಲೇಬೇಕೆಂಬ ನಿಯಮ ಬಂದು ವರ್ಷಗಳಾಗಿದ್ದವು, ಸತ್ಯಂ ಮಂಡಳಿಯಲ್ಲಿ ಹೆಸರಾಂತವರೇ ಇದ್ದರು. 2008ರ ಡಿಸೆಂಬರಿನಲ್ಲಿ ಅಧ್ಯಕ್ಷರ ಕುಟುಂಬದ ಎರಡು ಕಂಪನಿಗಳನ್ನು ಕೊಳ್ಳುವ ಪ್ರಸ್ತಾಪಕ್ಕೆ ಆ ಮಂಡಳಿ ತಲೆಯಾಡಿಸಿತು. ತಡೆದವರು ಷೇರುದಾರರು: ಅವರ ಸಿಟ್ಟಿಗೆ ಕೆಲವೇ ಗಂಟೆಗಳಲ್ಲಿ ಪ್ರಸ್ತಾಪ ಹಿಂದೆ ಹೋಯಿತು. 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಹಾಗೆಂದು ಹಳೆಯ ಲೈಸೆನ್ಸ್ ಇದ್ದಿದ್ದರೆ ಈ ಸುಳ್ಳು ಸಿಕ್ಕಿಬೀಳುತ್ತಿತ್ತೇ? ಎಷ್ಟು ಸ್ಕೂಟರ್ ಮಾಡಬಹುದೆಂದು ಹೇಳುತ್ತಿದ್ದ ಅಧಿಕಾರಿ ಬ್ಯಾಂಕಿನಲ್ಲಿ ಎಷ್ಟಿದೆಯೆಂದು ಎಣಿಸುತ್ತಿರಲಿಲ್ಲ. ಸತ್ಯಂನಲ್ಲಿ ಕೊರತೆಯಾದದ್ದು ನಿಯಮವಲ್ಲ, ಮಾಲೀಕನ ಋಣವಿಲ್ಲದ ಕಾವಲುಗಾರ. 2013ರ ಕಂಪನಿ ಕಾಯ್ದೆ ಆಡಿಟರು ಕಾಲಕಾಲಕ್ಕೆ ಬದಲಾಗಬೇಕೆಂದಿತು, ಷೇರುಪೇಟೆಯ ಕಂಪನಿಗಳ ಮಂಡಳಿಯಲ್ಲಿ ಮೂರನೇ ಒಂದು ಪಾಲು ಸ್ವತಂತ್ರರೇ ಇರಬೇಕೆಂದಿತು. ಆದರೂ ಆ ಸ್ವತಂತ್ರರನ್ನು ಆರಿಸುವ ಮತದಲ್ಲಿ, ಅವರು ಯಾರ ಮೇಲೆ ಕಣ್ಣಿಡಬೇಕೋ ಆ ಪ್ರವರ್ತಕರ ಷೇರುಗಳೂ ಎಣಿಕೆಗೆ ಬರುತ್ತವೆ.