ಮಂಗಳಗ್ರಹದಲ್ಲಿ ಬಿದ್ದ ಬೀಗ

1997ರ ಜುಲೈ 4ರಂದು ಅಮೆರಿಕದ ಪಾತ್‌ಫೈಂಡರ್ ನೌಕೆಯು ಮಂಗಳಗ್ರಹದ ನೆಲದ ಮೇಲೆ ಸುರಕ್ಷಿತವಾಗಿ ಇಳಿಯಿತು. ಅದು ಕಳುಹಿಸಿದ ಚಿತ್ರಗಳನ್ನು ಕಂಡು ಜಗತ್ತು ಬೆರಗಾಯಿತು. ಆದರೆ ಕೆಲವೇ ದಿನಗಳಲ್ಲಿ ನೌಕೆಯ ಗಣಕಯಂತ್ರವು ಹಿಡಿದ ಕೆಲಸವನ್ನು ನಡುವೆಯೇ ಕೈಬಿಟ್ಟು, ತನ್ನಷ್ಟಕ್ಕೆ ತಾನೇ ಹೊಸದಾಗಿ ಪ್ರಾರಂಭವಾಗತೊಡಗಿತು. ಅದುವರೆಗೆ ಸಂಗ್ರಹಿಸಿದ್ದ ಮಾಹಿತಿಯು ಉಳಿಯುತ್ತಿತ್ತಾದರೂ ಆ ದಿನದ ಮಿಕ್ಕ ಕೆಲಸವೆಲ್ಲ ಮರುದಿನಕ್ಕೆ ಬೀಳುತ್ತಿತ್ತು. ಕೋಟ್ಯಂತರ ಮೈಲಿಗಳಾಚೆ ಇರುವ ಯಂತ್ರವನ್ನು ಬಿಚ್ಚಿ ನೋಡುವವರಾರು?

ಒಂದೇ ಗಣಕಯಂತ್ರವು ಹಲವು ಕಾರ್ಯಗಳನ್ನು ನಡೆಸುವಾಗ ಯಾವುದಕ್ಕೆ ಯಾವಾಗ ಸರದಿ ಎಂಬುದನ್ನು ನಿರ್ಣಯಿಸತಕ್ಕ ಮೂಲವ್ಯವಸ್ಥೆಗೆ ಕರ್ನಲ್ ಎಂದು ಹೆಸರು. ನೌಕೆಯಲ್ಲಿದ್ದುದು ವಿಎಕ್ಸ್‌ವರ್ಕ್ಸ್ ಎಂಬ ವ್ಯವಸ್ಥೆಯ ಕರ್ನಲ್. ಎರಡು ಕಾರ್ಯಗಳು ಒಂದೇ ಪಟ್ಟಿಯನ್ನು ಏಕಕಾಲದಲ್ಲಿ ತಿದ್ದಹೊರಟರೆ ಪಟ್ಟಿಯೇ ಕೆಡುವುದು. ಆದುದರಿಂದ ಮೊದಲು ಬಂದ ಕಾರ್ಯವು ಅದಕ್ಕೆ ಬೀಗ ಹಾಕಿಕೊಳ್ಳುತ್ತದೆ. ಬೀಗ ತೆರೆಯುವವರೆಗೆ ಉಳಿದವು ಕಾಯಬೇಕು. ಕಾಯುವುದು ದೋಷವಲ್ಲ. ಯಾರು, ಯಾರಿಗಾಗಿ, ಎಷ್ಟು ಹೊತ್ತು ಕಾದರು ಎಂಬುದು ತಿಳಿಯದೆ ಹೋಗುವುದೇ ತೊಂದರೆ.

ಹಾಗೆ ತಿಳಿಯಲೆಂದು ಪಾತ್‌ಫೈಂಡರಿನಲ್ಲಿ ಒಂದು ದಿನಚರಿ ಲೇಖಕನಿದ್ದಿತು. ಯಾವ ಕಾರ್ಯ ಓಡಿತು, ಯಾವುದು ತಡೆದು ನಿಂತಿತು ಎಂಬುದನ್ನೆಲ್ಲ ಅದು ಎಡೆಬಿಡದೆ ಬರೆಯುತ್ತಿತ್ತು. ಸ್ಮೃತಿಯಲ್ಲಿ ಅದಕ್ಕಿದ್ದ ಜಾಗವು ಉಂಗುರದಂತೆ. ಕೊನೆ ಮುಟ್ಟಿದೊಡನೆ ಹಳೆಯ ಬರಹದ ಮೇಲೆಯೇ ಹೊಸದು ಬೀಳುವುದು. ದೋಷ ಕಂಡ ಕ್ಷಣದಲ್ಲಿ ಬರವಣಿಗೆಯನ್ನು ನಿಲ್ಲಿಸಿದರೆ, ಅದಕ್ಕೆ ತುಸು ಮುಂಚೆ ನಡೆದುದೆಲ್ಲ ಅಳಿಯದೆ ಉಳಿಯುತ್ತದೆ. ಆದರೆ ಅಷ್ಟೊಂದು ಬರಹವನ್ನು ಮಂಗಳದಿಂದ ತರಿಸಿಕೊಳ್ಳುವಂತಿರಲಿಲ್ಲ. ಆದುದರಿಂದ ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳು ಭೂಮಿಯಲ್ಲಿದ್ದ ಪ್ರತಿರೂಪದ ಮೇಲೆ ಅದೇ ಕೆಲಸಗಳನ್ನು ಮತ್ತೆ ಮತ್ತೆ ನಡೆಸಿದರು. 18 ಗಂಟೆಗಳೊಳಗೆ ಪ್ರತಿರೂಪವೂ ಎಡವಿತು!

ದಿನಚರಿಯು ಹೇಳಿದ ಕಥೆ ಇಷ್ಟು. ಹವಾಮಾನದ ಅಳತೆಗಳನ್ನು ನೋಡಿಕೊಳ್ಳುವ ಕೆಳದರ್ಜೆಯ ಕಾರ್ಯವೊಂದು ಬೀಗ ಹಾಕಿಕೊಂಡಿತು. ಅದನ್ನು ತೆರೆಯುವ ಮೊದಲೇ ನಡುದರ್ಜೆಯ ಕಾರ್ಯಗಳು ಅದನ್ನು ಬದಿಗೊತ್ತಿ ಯಂತ್ರವನ್ನು ಆಕ್ರಮಿಸಿದವು. ನೌಕೆಯೊಳಗೆ ಮಾಹಿತಿಯನ್ನು ಹಂಚುವ ಮೇಲ್ದರ್ಜೆಯ ಕಾರ್ಯಕ್ಕೆ ಅದೇ ಬೀಗವು ಬೇಕಾಗಿತ್ತು. ಹೀಗೆ ದೊರೆಯು ಆಳಿಗಾಗಿ ಕಾದಂತಾಯಿತು. ಹಂಚಿಕೆಯು ಮುಗಿಯಿತೆ ಎಂದು ಸೆಕೆಂಡಿಗೆ 8 ಬಾರಿ ಪರೀಕ್ಷಿಸುತ್ತಿದ್ದ ಕಾವಲು ಕಾರ್ಯವು ಮುಗಿಯದುದನ್ನು ಕಂಡು ಯಂತ್ರವನ್ನೇ ಪುನಃ ಪ್ರಾರಂಭಿಸುತ್ತಿತ್ತು.

ಇದಕ್ಕೆ ಮದ್ದು ಮೊದಲೇ ತಿಳಿದಿತ್ತು. ಬೀಗ ಹಾಕಿಕೊಂಡ ಕಾರ್ಯಕ್ಕೆ, ಅದನ್ನು ತೆರೆಯುವವರೆಗೆ, ಕಾಯುತ್ತಿರುವ ಕಾರ್ಯದ ದರ್ಜೆಯನ್ನೇ ಕೊಡುವುದು. ಷಾ, ರಾಜ್‌ಕುಮಾರ್, ಲೆಹೋಸ್ಕಿ ಎಂಬ ಮೂವರು 1990ರಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದ್ದರು. ವಿಎಕ್ಸ್‌ವರ್ಕ್ಸ್‌ನಲ್ಲಿಯೂ ಈ ಅನುಕೂಲವಿತ್ತು. ಆದರೆ ವ್ಯವಸ್ಥೆಯು ತಾನೇ ಒಳಗೊಳಗೆ ನಿರ್ಮಿಸಿಕೊಂಡ ಆ ಬೀಗಕ್ಕೆ ಅದು ಅನ್ವಯಿಸಿರಲಿಲ್ಲ.

ಈ ದೋಷವು ನೌಕೆ ಇಳಿಯುವ ಮುನ್ನ ಪರೀಕ್ಷೆಗಳಲ್ಲಿಯೂ ತಲೆದೋರಿತ್ತು. ಹುಡುಕಹೊರಟಾಗ ಮರುಕಳಿಸಲಿಲ್ಲ. ಬೀಗದ ದೋಷಗಳ ಸ್ವಭಾವವೇ ಅಂಥದು. ಕ್ಷಣದ ಹೊಂದಾಣಿಕೆ ತುಸು ತಪ್ಪಿದರೂ ಅವು ಮರೆಯಾಗುತ್ತವೆ. ಪರೀಕ್ಷೆ ಮುಗಿಯಿತೆಂದು ದಿನಚರಿ ಲೇಖಕನನ್ನು ನೌಕೆಯ ಕ್ರಮವಿಧಿಯಿಂದ ಕಿತ್ತುಹಾಕದಿದ್ದುದು ಎಂಜಿನಿಯರುಗಳ ದೂರದೃಷ್ಟಿಯೆಂದೇ ನಾನೆಣಿಸುತ್ತೇನೆ.

ತಿದ್ದುಪಡಿಯು ರೇಡಿಯೊ ಮೂಲಕ ಮಂಗಳವನ್ನು ಸೇರಿತು. ಒಂದು ತಿಂಗಳ ಕೆಲಸಕ್ಕೆಂದು ಕಳುಹಿಸಿದ್ದ ಆ ನೌಕೆಯಿಂದ ಸೆಪ್ಟೆಂಬರ್ 27ರವರೆಗೂ ಮಾಹಿತಿಯು ಬರುತ್ತಿದ್ದಿತು.