ಮಂಜುಗಡ್ಡೆಯ ಮೇಲೆ ಪಾದರಕ್ಷೆಯ ಹಿಡಿತ

ಮಂಜುಗಡ್ಡೆಯ ಮೇಲೆ ಪಾದರಕ್ಷೆಯ ಹಿಡಿತ ಎಂದರೆ ಹೆಪ್ಪುಗಟ್ಟಿದ ನೆಲದಲ್ಲಿ ಕಾಲು ಜಾರದಂತೆ ಅಟ್ಟೆಯು (ಸೋಲ್) ಒದಗಿಸುವ ಘರ್ಷಣೆ. ಶೀತ ದೇಶಗಳಲ್ಲಿ ಜಾರಿ ಬಿದ್ದು ಮಣಿಕಟ್ಟು ಹಾಗೂ ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯವಿರುವುದರಿಂದ, ವೃದ್ಧರಿಗೆ ಇದು ವಿಶೇಷವಾಗಿ ಮುಖ್ಯವಾದುದು.

ಜಾರುವಿಕೆಯ ಕಾರಣ

ಮಂಜುಗಡ್ಡೆಯ ಮೇಲ್ಮೈಯಲ್ಲಿ ದ್ರವದಂತಹ ತೆಳುಪದರವಿರುವುದನ್ನು ಮೈಕೆಲ್ ಫ್ಯಾರಡೆ 1850ರಲ್ಲಿ ಸೂಚಿಸಿದರು. ಉಷ್ಣತೆಯು 0° ಸೆಲ್ಸಿಯಸ್ ಸಮೀಪಿಸಿದಂತೆ ಈ ಪದರವು ದಪ್ಪವಾಗುತ್ತದೆ. ಆದುದರಿಂದ ಕಡುಚಳಿಯ ಒಣ ಮಂಜುಗಡ್ಡೆಗಿಂತ ಕರಗತೊಡಗಿದ ಮಂಜುಗಡ್ಡೆಯೇ ಹೆಚ್ಚು ಜಾರುತ್ತದೆ.

ಅಟ್ಟೆಯ ರಚನೆ

ಅಟ್ಟೆಯ ಆಳವಾದ ಕಚ್ಚುಗಳು ಮೆತ್ತನೆಯ ಹಿಮದಲ್ಲಿ ಉಪಯುಕ್ತ. ನುಣುಪಾದ ಗಟ್ಟಿ ಮಂಜುಗಡ್ಡೆಯಲ್ಲಿ ಅವುಗಳ ಪ್ರಯೋಜನ ಕಡಿಮೆ. ಅಲ್ಲಿ ರಬ್ಬರಿನ ಗುಣವೇ ಪ್ರಧಾನ. ಚಳಿಗೆ ಪೆಡಸಾಗುವ ರಬ್ಬರು ಹಿಡಿತ ಕಳೆದುಕೊಳ್ಳುತ್ತದೆ. ರಬ್ಬರಿನಲ್ಲಿ ಗಾಜಿನ ಎಳೆ ಅಥವಾ ಗಡುಸಾದ ಕಣಗಳನ್ನು ಬೆರೆಸಿದ ಅಟ್ಟೆಗಳು ಮಂಜುಗಡ್ಡೆಯನ್ನು ಕೆರೆದು ನಿಲ್ಲುತ್ತವೆ. ಪಾದರಕ್ಷೆಯ ಮೇಲೆ ತೊಡುವ ಲೋಹದ ಮೊಳೆಗಳ ಕವಚವೂ ಬಳಕೆಯಲ್ಲಿದೆ. ಆದರೆ ಕಟ್ಟಡದೊಳಗಿನ ನುಣುಪು ನೆಲದಲ್ಲಿ ಅದೇ ಜಾರುವುದರಿಂದ, ಒಳಹೋಗುವ ಮುನ್ನ ಕಳಚಬೇಕಾಗುತ್ತದೆ.

ಪರೀಕ್ಷೆ

ಕೆನಡಾದ ಟೊರಾಂಟೊ ಪುನರ್ವಸತಿ ಸಂಸ್ಥೆಯ ಪ್ರಯೋಗಾಲಯದಲ್ಲಿ, ರಕ್ಷಣಾ ಪಟ್ಟಿ ಧರಿಸಿದ ಸ್ವಯಂಸೇವಕರು ಒಣ ಮತ್ತು ಒದ್ದೆ ಮಂಜುಗಡ್ಡೆಯ ಮೇಲೆ ನಡೆಯುತ್ತಾರೆ. ಕಾಲು ಜಾರುವವರೆಗೆ ನೆಲದ ಇಳಿಜಾರನ್ನು ಹೆಚ್ಚಿಸಲಾಗುತ್ತದೆ. 7 ಡಿಗ್ರಿ ಇಳಿಜಾರಿನಲ್ಲಿ ಜಾರದ ಪಾದರಕ್ಷೆಗೆ ಒಂದು, 11 ಡಿಗ್ರಿಗೆ ಎರಡು, 15 ಡಿಗ್ರಿಗೆ ಮೂರು ಹಿಮಹರಳಿನ ಚಿಹ್ನೆಗಳು ದೊರೆಯುತ್ತವೆ. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷಿಸಿದ 98 ಬಗೆಯ ಚಳಿಗಾಲದ ಪಾದರಕ್ಷೆಗಳಲ್ಲಿ ಸುಮಾರು ಶೇಕಡ 8ರಷ್ಟು ಮಾತ್ರ ಕನಿಷ್ಠ ಮಟ್ಟವನ್ನು ತಲುಪಿದ್ದವು.