ಸ್ಪಾಕ್‌ನ ನೆತ್ತರು ಕುದಿದ ಕಥೆ

ಸ್ಪಾಕ್‌ಗೂ ಒಂದು ಮೈ ಇದೆ, ಆ ಮೈಗೆ ತನ್ನದೇ ಹಟವಿದೆ ಎಂಬುದು ಅಮೆರಿಕದ ಟಿವಿ ಪ್ರೇಕ್ಷಕರಿಗೆ ಗೊತ್ತಾದದ್ದು 1967ರ ಸೆಪ್ಟೆಂಬರ್ 15ರ ಶುಕ್ರವಾರ ರಾತ್ರಿ. 'ಸ್ಟಾರ್ ಟ್ರೆಕ್' ಧಾರಾವಾಹಿಯ ಎರಡನೇ ಸೀಸನ್ ಎನ್‌ಬಿಸಿ ವಾಹಿನಿಯಲ್ಲಿ ಅಂದು ಶುರುವಾಯಿತು. ಕಂತಿನ ಹೆಸರು 'ಅಮೋಕ್ ಟೈಮ್'. ನರ್ಸ್ ಚಾಪೆಲ್ ಪ್ರೀತಿಯಿಂದ ಮಾಡಿ ತಂದ ಪ್ಲೋಮೀಕ್ ಸೂಪನ್ನು ಸ್ಪಾಕ್ ಬಟ್ಟಲು ಸಮೇತ ಗೋಡೆಗೆ ಎಸೆಯುತ್ತಾನೆ. ಆಕೆ ಕೋಣೆಯಿಂದ ಹೊರಗೋಡಿ ಬರುತ್ತಾಳೆ. ಕಾರಿಡಾರಿನಲ್ಲಿ ನಿಂತ ಕ್ಯಾಪ್ಟನ್ ಕರ್ಕ್ ಮತ್ತು ಡಾಕ್ಟರ್ ಮೆಕಾಯ್ ಕಣ್ಣರಳಿಸಿ ನೋಡುತ್ತಾರೆ. ಹುಬ್ಬು ಏರಿಸುವುದೇ ದೊಡ್ಡ ಭಾವಪ್ರದರ್ಶನ ಎನ್ನುವ ಹಾಗಿದ್ದ ವಲ್ಕನ್ ಗ್ರಹದ ತರ್ಕಜೀವಿಗೆ ಏನಾಯಿತು?

ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ನೋಡಿದವರಿಗೆ ಸ್ಪಾಕ್‌ನನ್ನು ಪರಿಚಯಿಸಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು: ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆಯ ವಿಜ್ಞಾನಾಧಿಕಾರಿ, ತಂದೆ ವಲ್ಕನ್ನ, ತಾಯಿ ಭೂಮಿಯವಳು, ಚೂಪು ಕಿವಿ, ಹಸಿರು ರಕ್ತ. ಭಾವನೆಗಳನ್ನು ಹತ್ತಿಕ್ಕಿ ಬುದ್ಧಿಯೊಂದನ್ನೇ ನಂಬುವುದು ಅವನ ಕುಲದ ಧರ್ಮ.

ಆ ಚೂಪು ಕಿವಿ ಮೊದಲಿಗೆ ವಾಹಿನಿಯವರಿಗೆ ದಿಗಿಲು ಹುಟ್ಟಿಸಿತ್ತು. ಜಾಹೀರಾತುದಾರರಿಗೆ ಹಂಚಲು ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಸ್ಪಾಕ್‌ನ ಕಿವಿಯ ತುದಿಯನ್ನು ತಿದ್ದಿ ಮೊಂಡು ಮಾಡಲಾಗಿತ್ತು. ಪ್ರೇಕ್ಷಕರು ಬೇರೆಯೇ ತೀರ್ಪು ಕೊಟ್ಟರು. ಮೊದಲ ಸೀಸನ್ ಮುಗಿಯುವ ಹೊತ್ತಿಗೆ ಸ್ಪಾಕ್ ಪಾತ್ರಧಾರಿ ಲೆನರ್ಡ್ ನಿಮೋಯ್ ಹೆಸರಿಗೆ ಮೂಟೆಗಟ್ಟಲೆ ಪತ್ರ ಬರುತ್ತಿದ್ದವು, ಅವುಗಳಲ್ಲಿ ಬಹಳಷ್ಟು ಹೆಣ್ಣುಮಕ್ಕಳವು. 1967ರ ಏಪ್ರಿಲ್‌ನಲ್ಲಿ ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೋವ್ 'ಟಿವಿ ಗೈಡ್' ಪತ್ರಿಕೆಯಲ್ಲಿ ಈ ಮೋಹದ ಬಗ್ಗೆಯೇ ಒಂದು ಲೇಖನ ಬರೆದರು. ಬುದ್ಧಿವಂತಿಕೆಯೂ ಹೆಣ್ಣಿನ ಮನಸ್ಸನ್ನು ಸೆಳೆಯಬಲ್ಲದು ಎಂಬುದು ಅವರಿಗೆ ಖುಷಿ ತಂದ ಸಂಗತಿಯಾಗಿತ್ತು.

ಅದೇ ಬೇಸಿಗೆಯಲ್ಲಿ ನಿಮೋಯ್ ಸಂಭಾವನೆ ಹೆಚ್ಚಿಸಲು ಕೇಳಿದರು. ಸ್ಟುಡಿಯೋ ಒಪ್ಪಲಿಲ್ಲ, ಜಗ್ಗಾಟ ಬೆಳೆಯಿತು, ಬದಲಿ ನಟರ ಪಟ್ಟಿಯೂ ಸಿದ್ಧವಾಯಿತು. ಪಟ್ಟಿಯಲ್ಲಿದ್ದ ಒಂದು ಹೆಸರು ಲಾರೆನ್ಸ್ ಮಾಂಟೇನ್. ಕೊನೆಗೆ ರಾಜಿಯಾಗಿ ನಿಮೋಯ್ ಉಳಿದುಕೊಂಡರು. ಮಾಂಟೇನ್‌ಗೆ ಸಿಕ್ಕಿದ್ದು 'ಅಮೋಕ್ ಟೈಮ್' ಕಂತಿನ ಸ್ಟಾನ್ ಪಾತ್ರ, ಅಂದರೆ ಸ್ಪಾಕ್‌ಗೆ ಗೊತ್ತಾದ ಹುಡುಗಿಯನ್ನು ತನ್ನವಳನ್ನಾಗಿ ಮಾಡಿಕೊಳ್ಳುವ ಗಂಡು. ಸ್ಪಾಕ್ ಆಗಬಹುದಾಗಿದ್ದ ನಟ ಸ್ಪಾಕ್‌ನ ಎದುರಾಳಿಯಾಗಿ ಅವನ ಪಕ್ಕದಲ್ಲೇ ಬಂದು ನಿಂತರು.

ಸ್ಪಾಕ್‌ನ ಮೇಲಿನ ಈ ಮೋಹವನ್ನು ನಿರ್ಮಾಪಕರು ಸುಲಭವಾಗಿ ಹಾಳುಮಾಡಬಹುದಿತ್ತು. ವಾರಕ್ಕೊಬ್ಬ ಸುಂದರಿಯನ್ನು ತಂದು ಅವನೆದುರು ನಿಲ್ಲಿಸಿದ್ದರೆ ಸಾಕಿತ್ತು. ಹಾಗಾಗದೆ ಉಳಿದದ್ದಕ್ಕೆ ಮುಖ್ಯ ಕಾರಣ 'ಅಮೋಕ್ ಟೈಮ್' ಬರೆದ ಥಿಯೋಡರ್ ಸ್ಟರ್ಜನ್. 1918ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ ಹುಟ್ಟಿದ ಈ ಲೇಖಕ ಅಷ್ಟರಲ್ಲಿ ವೈಜ್ಞಾನಿಕ ಕಥಾಲೋಕದ ದೊಡ್ಡ ಹೆಸರು. ಬೇರೆಯವರು ರಾಕೆಟ್ ಮತ್ತು ರೋಬಾಟ್‌ಗಳ ಬೆನ್ನು ಹತ್ತಿದಾಗ ಸ್ಟರ್ಜನ್ ಬರೆದದ್ದು ಪ್ರೀತಿಯ ಬಗ್ಗೆ, ಅದರಲ್ಲೂ ಸಮಾಜ ಒಪ್ಪದ ಪ್ರೀತಿಯ ಬಗ್ಗೆ. 1953ರಲ್ಲೇ ಸಲಿಂಗ ಪ್ರೇಮವನ್ನು ಅನುಕಂಪದಿಂದ ಕಂಡ 'ದಿ ವರ್ಲ್ಡ್ ವೆಲ್ ಲಾಸ್ಟ್' ಕಥೆ ಬರೆದರು. 1960ರ 'ವೀನಸ್ ಪ್ಲಸ್ ಎಕ್ಸ್' ಕಾದಂಬರಿಯಲ್ಲಿ ಗಂಡು-ಹೆಣ್ಣೆಂಬ ಭೇದವೇ ಇಲ್ಲದ ಸಮಾಜವನ್ನು ಕಲ್ಪಿಸಿದರು. ಇಂಥವರ ಕೈಗೆ ಸ್ಪಾಕ್ ಸಿಕ್ಕಾಗ ಅವರು ಹಾಕಿಕೊಂಡ ಪ್ರಶ್ನೆ ಸರಳವಾಗಿತ್ತು: ಇಷ್ಟೊಂದು ಬಿಗಿಹಿಡಿದು ಬದುಕುವ ಜೀವಿಗಳ ವಂಶ ಮುಂದುವರಿಯುವುದು ಹೇಗೆ?

ಅವರು ಕಂಡುಕೊಂಡ ಉತ್ತರಕ್ಕೆ ಪಾನ್ ಫಾರ್ ಎಂದು ಹೆಸರು. ಬೆದೆಯ ಕಾಲ ಎನ್ನಬಹುದು. ಕಾಲ ಕೂಡಿಬಂದಾಗ ವಲ್ಕನ್ನನ ಮೈಯಲ್ಲಿ ರಾಸಾಯನಿಕಗಳು ಏರುಪೇರಾಗುತ್ತವೆ, ತರ್ಕ ಕಳಚಿ ಬೀಳುತ್ತದೆ. ತನ್ನ ಗ್ರಹಕ್ಕೆ ಮರಳಿ ಸಂಗಾತಿಯನ್ನು ಕೂಡದಿದ್ದರೆ ಅವನು ಸಾಯುತ್ತಾನೆ. ಎಂಟು ದಿನದೊಳಗೆ ಸ್ಪಾಕ್‌ನನ್ನು ವಲ್ಕನ್‌ಗೆ ಮುಟ್ಟಿಸದಿದ್ದರೆ ಅವನು ಉಳಿಯುವುದಿಲ್ಲವೆಂದು ಮೆಕಾಯ್ ತಪಾಸಣೆ ಮಾಡಿ ಹೇಳುತ್ತಾನೆ. ಆನೆಗೆ ಮದವೇರುವುದನ್ನು ಬಲ್ಲ ನಮಗೆ ಇದು ಅರ್ಥವಾಗಲು ಕಷ್ಟವಿಲ್ಲ. ಕಣ್ಣು-ಕಿವಿಯ ನಡುವಿನ ಗ್ರಂಥಿ ಸೋರತೊಡಗಿದರೆ ವರ್ಷಗಟ್ಟಲೆ ಮಾತು ಕೇಳಿದ ಆನೆಯೂ ಮಾವುತನ ಕೈಗೆ ಸಿಗುವುದಿಲ್ಲ. ಸ್ಟರ್ಜನ್ ಮಾತ್ರ ಆನೆಯ ಉದಾಹರಣೆ ಬಳಸಲಿಲ್ಲ. ಸ್ಪಾಕ್‌ನ ಬಾಯಲ್ಲಿ ಎರಡು ಹೋಲಿಕೆ ಬರುತ್ತವೆ. ಒಂದು ಕಲ್ಪನೆಯದು: ಹನ್ನೊಂದು ವರ್ಷಕ್ಕೊಮ್ಮೆ ತಾವು ಹುಟ್ಟಿದ ಗುಹೆಗೆ ಮರಳುವ ರೆಗ್ಯುಲಸ್ ಗ್ರಹದ ಹಕ್ಕಿಗಳು. ಇನ್ನೊಂದು ಭೂಮಿಯದೇ: ಸಾಲ್ಮನ್ ಮೀನು.

ಸಾಲ್ಮನ್ ಆಗ ವಿಜ್ಞಾನದ ಬಿಸಿ ಸುದ್ದಿಯೂ ಆಗಿತ್ತು. ಸಮುದ್ರದಲ್ಲಿ ವರ್ಷಗಟ್ಟಲೆ ಅಲೆದ ಮೀನು ತಾನು ಹುಟ್ಟಿದ ಹೊಳೆಯನ್ನೇ ಹುಡುಕಿ ಬರುವುದು ವಾಸನೆಯ ನೆನಪಿನಿಂದ ಎಂಬುದನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಐವತ್ತರ ದಶಕದಿಂದ ಬಿಡಿಸಿ ತೋರಿಸುತ್ತಿದ್ದರು. ಪೆಸಿಫಿಕ್ ಸಾಗರದ ಸಾಲ್ಮನ್ ಜಾತಿಗಳಲ್ಲಿ ಹೆಚ್ಚಿನವು ಹೊಳೆಯೇರಿ ಮೊಟ್ಟೆಯಿಟ್ಟ ಮೇಲೆ ಬದುಕುವುದೂ ಇಲ್ಲ. ಪ್ರಾಣಿ ವರ್ತನೆಯ ತಜ್ಞ ಕಾನ್ರಾಡ್ ಲಾರೆನ್ಸ್ ಆಕ್ರಮಣಶೀಲತೆಯ ಬಗ್ಗೆ ಬರೆದ ಪುಸ್ತಕ 1966ರಲ್ಲಿ ಇಂಗ್ಲಿಷಿಗೆ ಬಂದಿತ್ತು. ಡೆಸ್ಮಂಡ್ ಮಾರಿಸ್‌ರ 'ದಿ ನೇಕೆಡ್ ಏಪ್' ಬಂದದ್ದು 1967ರಲ್ಲೇ. ಮನುಷ್ಯನ ನಾಗರಿಕತೆಯ ಅಡಿಯಲ್ಲಿ ಪ್ರಾಣಿ ಎಷ್ಟು ಉಳಿದಿದೆ ಎಂದು ಓದುಬಲ್ಲವರೆಲ್ಲ ಕೇಳಿಕೊಳ್ಳುತ್ತಿದ್ದ ಕಾಲ ಅದು.

ಆದರೆ ಟಿವಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ವಾಹಿನಿಯ ಸೆನ್ಸಾರ್ ವಿಭಾಗ ಪ್ರತಿಯೊಂದು ಚಿತ್ರಕಥೆಯನ್ನೂ ಸಾಲುಸಾಲಾಗಿ ಓದುತ್ತಿತ್ತು. ನನ್ನ ಎಣಿಕೆಯಲ್ಲಿ ಕಂತಿನ ಅತ್ಯುತ್ತಮ ದೃಶ್ಯ ಹುಟ್ಟಿದ್ದು ಈ ಇಕ್ಕಟ್ಟಿನಿಂದಲೇ. ಏನಾಗುತ್ತಿದೆ ಹೇಳು ಎಂದು ಕರ್ಕ್ ಒತ್ತಾಯಿಸುತ್ತಾನೆ. ಬೆನ್ನ ಹಿಂದೆ ಬಚ್ಚಿಟ್ಟ ಸ್ಪಾಕ್‌ನ ಕೈ ನಡುಗುತ್ತಿರುತ್ತದೆ. ಕೊನೆಗೂ ಅವನ ಬಾಯಿಂದ ಬರುವುದು ಜೀವಶಾಸ್ತ್ರ ಎಂಬ ಒಂದೇ ಶಬ್ದ. ಯಾವ ಜೀವಶಾಸ್ತ್ರ? ವಲ್ಕನ್ನರ ಜೀವಶಾಸ್ತ್ರ. ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡಲಾರದೆ ಆ ಶಬ್ದದ ಸುತ್ತಲೇ ಸುಳಿಯುತ್ತಾರೆ. ಬ್ರಹ್ಮಾಂಡದ ಲೆಕ್ಕವೆಲ್ಲ ನಾಲಿಗೆಯ ತುದಿಯಲ್ಲಿರುವವನಿಗೆ ತನ್ನ ದೇಹದ ವಿಷಯವನ್ನು ಆಪ್ತ ಗೆಳೆಯನಿಗೂ ಹೇಳಲಾಗುತ್ತಿಲ್ಲ. ಈ ಸಂಗತಿ ವಲ್ಕನ್ನರು ತಮ್ಮತಮ್ಮಲ್ಲೂ ಆಡಿಕೊಳ್ಳದ ಗುಟ್ಟು ಎಂದು ಸ್ಟರ್ಜನ್ ಬರೆದರು. ಸೆನ್ಸಾರ್‌ನವರ ಮುಜುಗರವನ್ನು ಒಂದು ಇಡೀ ಕುಲದ ಮುಜುಗರವನ್ನಾಗಿ ಮಾಡಿಬಿಟ್ಟರು. ಬಯಕೆಗಿಂತ ನಾಚಿಕೆಯೇ ಈ ಕಥೆಯ ತಿರುಳು. ಅದಕ್ಕೇ ಇದು ಇಂದಿಗೂ ಹಳತಾಗಿಲ್ಲ.

ಕರ್ಕ್ ಮೇಲಧಿಕಾರಿಯ ಆಜ್ಞೆ ಮೀರಿ, ನೌಕರಿಯನ್ನೇ ಪಣಕ್ಕಿಟ್ಟು, ನೌಕೆಯನ್ನು ವಲ್ಕನ್ ಕಡೆ ತಿರುಗಿಸುತ್ತಾನೆ. ಆ ಗ್ರಹವನ್ನು ಪ್ರೇಕ್ಷಕರು ನೋಡಿದ್ದು ಇದೇ ಮೊದಲು. ಸ್ಟುಡಿಯೋದೊಳಗೆ ಕಟ್ಟಿದ ಕೆಂಪು ಆಕಾಶ, ಕಲ್ಲುಕಂಬಗಳ ಅಂಗಳ, ಗಂಟೆಗಳನ್ನು ತೂಗಿಬಿಟ್ಟ ಚೌಕಟ್ಟುಗಳನ್ನು ಹೊತ್ತು ಬರುವ ಮೆರವಣಿಗೆ. ಅದರ ನಡುವೆ ಪಲ್ಲಕ್ಕಿಯಲ್ಲಿ ಕುಳಿತು ಬರುವ ಕುಲದ ಹಿರಿಯಳು ಟಿಪಾವ್. ಆ ಪಾತ್ರ ಮಾಡಿದ ಸೀಲಿಯಾ ಲಾವ್ಸ್ಕಿಗೆ ಆಗ ಎಪ್ಪತ್ತು ವರ್ಷ. ವಿಯೆನ್ನಾದಲ್ಲಿ ಹುಟ್ಟಿ ರಂಗಭೂಮಿಯಲ್ಲಿ ಬೆಳೆದವರು, ಒಂದು ಕಾಲಕ್ಕೆ ನಟ ಪೀಟರ್ ಲೋರಿಯ ಹೆಂಡತಿ. ಅವರ ಇಂಗ್ಲಿಷಿನಲ್ಲಿ ಉಳಿದುಕೊಂಡಿದ್ದ ಯುರೋಪಿನ ಒರಟು ಉಚ್ಚಾರ ಟಿಪಾವ್‌ಳ ಗತ್ತಿಗೆ ಹೇಳಿ ಮಾಡಿಸಿದಂತಿತ್ತು.

ಟಿಪಾವ್ ಎದುರು ಬಂದು ನಿಂತ ಸ್ಪಾಕ್ ಹೇಗೆ ವಂದಿಸಬೇಕು? ಚಿತ್ರಕಥೆಯಲ್ಲಿ ಅದು ಇರಲಿಲ್ಲ. ಮನುಷ್ಯರು ಕೈಕುಲುಕುತ್ತಾರೆ, ಸೈನಿಕರು ಸಲ್ಯೂಟ್ ಹೊಡೆಯುತ್ತಾರೆ, ವಲ್ಕನ್ನರಿಗೂ ತಮ್ಮದೇ ಒಂದು ರೀತಿ ಬೇಕಲ್ಲ ಎಂದು ನಿಮೋಯ್ ನಿರ್ದೇಶಕ ಜೋಸೆಫ್ ಪೆವ್ನಿಯವರನ್ನು ಕೇಳಿದರು. ಉತ್ತರವನ್ನು ನಟನೇ ತನ್ನ ಬಾಲ್ಯದಿಂದ ತೆಗೆದುಕೊಟ್ಟರು. ಉಕ್ರೇನಿನಿಂದ ವಲಸೆ ಬಂದ ಯಹೂದಿ ಕುಟುಂಬ ಅವರದು. ಬಾಸ್ಟನ್ನಿನ ಸಿನಗಾಗ್‌ನಲ್ಲಿ ಕೊಹೆನ್ ಮನೆತನದ ಪುರೋಹಿತರು ಸಭೆಯನ್ನು ಆಶೀರ್ವದಿಸುವ ಗಳಿಗೆಯಲ್ಲಿ ಯಾರೂ ತಲೆಯೆತ್ತಿ ನೋಡಬಾರದು, ಕಣ್ಣು ಮುಚ್ಚಿಕೋ ಎಂದು ಅಪ್ಪ ಹೇಳಿದ್ದರು. ಹುಡುಗ ಕಳ್ಳಗಣ್ಣಿನಿಂದ ನೋಡಿದ. ಮುಸುಕಿನೊಳಗಿಂದ ಚಾಚಿದ ಕೈಗಳಲ್ಲಿ ಬೆರಳುಗಳು ಎರಡೆರಡಾಗಿ ಕೂಡಿ ನಡುವೆ ಸೀಳು ಬಿಟ್ಟಿದ್ದವು. ಹೀಬ್ರೂ ವರ್ಣಮಾಲೆಯ ಶಿನ್ ಅಕ್ಷರದ ಆಕಾರವದು. ಅದು ಹುಡುಗನ ಮನಸ್ಸಿನಲ್ಲಿ ಎಷ್ಟು ಆಳಕ್ಕಿಳಿಯಿತೆಂದರೆ ಅವನು ಬೆರಳುಗಳನ್ನು ಹಾಗೆ ಹಿಡಿಯುವುದನ್ನು ರೂಢಿ ಮಾಡಿಕೊಂಡ. ಮೂವತ್ತು ವರ್ಷಗಳ ಬಳಿಕ ಆ ಆಶೀರ್ವಾದದ ಮುದ್ರೆ ಹಾಲಿವುಡ್ಡಿನ ಸೆಟ್ಟಿನಲ್ಲಿ ಅನ್ಯಗ್ರಹದ ನಮಸ್ಕಾರವಾಯಿತು. ಲಾವ್ಸ್ಕಿಯವರ ಬೆರಳು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಇನ್ನೊಂದು ಕೈಯಿಂದ ಬೆರಳುಗಳನ್ನು ಮೊದಲೇ ಜೋಡಿಸಿಟ್ಟುಕೊಂಡು ಆಮೇಲೆ ಕ್ಯಾಮೆರಾ ಮುಂದೆ ಕೈ ಎತ್ತಿದರು. ಮುದ್ರೆಯ ಜೊತೆಗೆ ಹೇಳುವ, ದೀರ್ಘಾಯುಷ್ಯವನ್ನೂ ಏಳಿಗೆಯನ್ನೂ ಹಾರೈಸುವ ಮಾತು ಸ್ಟರ್ಜನ್ನರದು. ಇಂದು ಲೋಕದ ಯಾವ ಮೂಲೆಯಲ್ಲಿ 'ಸ್ಟಾರ್ ಟ್ರೆಕ್' ಅಭಿಮಾನಿಗಳು ಸೇರಿದರೂ ಇವೆರಡೂ ಒಟ್ಟಿಗೇ ಬರುತ್ತವೆ.

ಅಂಗಳದಲ್ಲಿ ನಡೆಯಬೇಕಿದ್ದದ್ದು ಮದುವೆ. ಸ್ಪಾಕ್‌ಗೂ ಟಿಪ್ರಿಂಗ್‌ಗೂ ಏಳನೇ ವಯಸ್ಸಿನಲ್ಲೇ ಹಿರಿಯರು ನಂಟು ಬೆಸೆದಿದ್ದರು. ಆದರೆ ಆರ್ಲೀನ್ ಮಾರ್ಟೆಲ್ ನಟಿಸಿದ ಟಿಪ್ರಿಂಗ್ ಮದುವೆಯನ್ನು ನಿಲ್ಲಿಸಿ ಸವಾಲಿನ ಹಕ್ಕು ಕೇಳುತ್ತಾಳೆ. ಅವಳ ಪರವಾಗಿ ಒಬ್ಬ ಸ್ಪಾಕ್‌ನೊಡನೆ ಸಾಯುವ ತನಕ ಕಾದಬೇಕು, ಗೆದ್ದವನಿಗೆ ಅವಳು ಸೊತ್ತು. ಎಲ್ಲರೂ ಸ್ಟಾನ್‌ನತ್ತ ನೋಡುವಾಗ ಅವಳು ಆರಿಸುವುದು ಕರ್ಕ್‌ನನ್ನು. ಕರ್ಕ್ ಗೆದ್ದರೆ ಅವನಿಗೆ ತಾನು ಬೇಡ, ಸ್ಟಾನ್ ಸಿಗುತ್ತಾನೆ. ಸ್ಪಾಕ್ ಗೆದ್ದರೆ ಸವಾಲು ಹಾಕಿದವಳನ್ನು ಅವನು ಬಿಟ್ಟುಬಿಡುತ್ತಾನೆ, ಆಗಲೂ ಸ್ಟಾನ್ ಸಿಗುತ್ತಾನೆ. ಬಿಡದಿದ್ದರೂ ಅವನು ನೌಕೆ ಹತ್ತಿ ಹೋಗುವವನೇ. ಅವನ ಹೆಸರು, ಆಸ್ತಿ ತನ್ನ ಪಾಲಿಗೆ, ಸ್ಟಾನ್ ಎಲ್ಲಿದ್ದಾನೋ ಅಲ್ಲೇ. ಎಲ್ಲ ಮುಗಿದ ಮೇಲೆ ಈ ಲೆಕ್ಕಾಚಾರವನ್ನು ಕೇಳಿದ ಸ್ಪಾಕ್ ಅದರಲ್ಲಿ ಒಂದು ಕುಂದೂ ಇಲ್ಲವೆಂದು ತಲೆಬಾಗುತ್ತಾನೆ.

ಹಲವು ಪ್ರೇಕ್ಷಕರು ಅವಳನ್ನು ವಂಚಕಿ ಎಂದೇ ನೆನಪಿಟ್ಟುಕೊಂಡರು. ಅದು ಅನ್ಯಾಯ. ಏಳು ವರ್ಷದ ಕೂಸಾಗಿದ್ದಾಗ ಯಾರೋ ಮಾಡಿದ ನಿಶ್ಚಯದಿಂದ ಹೊರಬರಲು ಆ ಸಮಾಜ ಅವಳಿಗೆ ಉಳಿಸಿದ್ದು ಇದೊಂದೇ ಕಿಂಡಿ, ಅದಕ್ಕೂ ತಾನು ಸೊತ್ತಾಗಲು ಒಪ್ಪಬೇಕು. ಗಂಡಸರಿಬ್ಬರು ನೆತ್ತರು ಕುದಿದು ಹೊಡೆದಾಡುವ ಹೊತ್ತಿನಲ್ಲಿ, ವಲ್ಕನ್ನರು ಬದುಕಿಡೀ ಬೋಧಿಸುವ ತರ್ಕವನ್ನು ಅಂಗಳದಲ್ಲಿ ಪಾಲಿಸಿದವಳು ಅವಳೊಬ್ಬಳೇ. ಕಂತು ಅವಳನ್ನು ಅಷ್ಟು ಚೆನ್ನಾಗಿ ಕಟ್ಟಿ, ಅಷ್ಟೇ ಬೇಗ ಕೈಬಿಟ್ಟಿತು. ಸ್ಟರ್ಜನ್ನರಂಥ ಲೇಖಕರಿಂದ ನಾನು ಇನ್ನಷ್ಟು ಬಯಸುತ್ತೇನೆ.

ಕಾಳಗಕ್ಕೆ ಜೆರಾಲ್ಡ್ ಫ್ರೈಡ್ ಕೊಟ್ಟ ಸಂಗೀತದ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಸ್ಪಾಕ್‌ನ ಒಳಗುದಿಗೆ ಬಾಸ್ ಗಿಟಾರಿನ ತಗ್ಗು ದನಿ, ಕಾಳಗಕ್ಕೆ ಹಿತ್ತಾಳೆಯ ವಾದ್ಯಗಳ ಅಬ್ಬರ. ಮುಂದಿನ ಕಂತುಗಳ ಹೊಡೆದಾಟಗಳಿಗೆ ಅದನ್ನೇ ಮತ್ತೆ ಮತ್ತೆ ಬಳಸಿದರು. 1996ರ 'ದಿ ಕೇಬಲ್ ಗೈ' ಸಿನಿಮಾದಲ್ಲಿ ಜಿಮ್ ಕ್ಯಾರಿ ಕತ್ತಿ ಹಿಡಿದು ಹೊಡೆದಾಡುವಾಗ ಗುನುಗಿದ್ದೂ ಅದನ್ನೇ.

ವೈಜ್ಞಾನಿಕ ಕಥಾಲೋಕದ 1968ರ ಹ್ಯೂಗೋ ಪ್ರಶಸ್ತಿಯ ನಾಟಕೀಯ ವಿಭಾಗದಲ್ಲಿ ಐದಕ್ಕೆ ಐದೂ ನಾಮನಿರ್ದೇಶನ 'ಸ್ಟಾರ್ ಟ್ರೆಕ್' ಕಂತುಗಳದ್ದೇ. 'ಅಮೋಕ್ ಟೈಮ್' ಅವುಗಳಲ್ಲಿ ಒಂದಾಗಿತ್ತು. ಗೆದ್ದದ್ದು ಹಾರ್ಲನ್ ಎಲಿಸನ್ ಬರೆದ, ಪೆವ್ನಿಯವರೇ ನಿರ್ದೇಶಿಸಿದ ಇನ್ನೊಂದು ಕಂತು. ಪ್ರಶಸ್ತಿಗಿಂತ ದೊಡ್ಡ ಫಲ ಬೇರೆ ಕಡೆ ಬಿಟ್ಟಿತು. 1967ರ ಸೆಪ್ಟೆಂಬರ್‌ನಲ್ಲೇ 'ಸ್ಪಾಕನೇಲಿಯಾ' ಎಂಬ ಅಭಿಮಾನಿ ಪತ್ರಿಕೆ ಹೊರಬಂದಿತ್ತು, ಹೆಂಗಸರು ಸೇರಿ ಕಟ್ಟಿದ ಪತ್ರಿಕೆ. ಸೈಕ್ಲೋಸ್ಟೈಲ್ ಮಾಡಿ ಅಂಚೆಯಲ್ಲಿ ಹಂಚುತ್ತಿದ್ದ ಇಂಥ ಪತ್ರಿಕೆಗಳಲ್ಲಿ ಓದುಗರೇ ಕಥೆ ಮುಂದುವರಿಸತೊಡಗಿದರು. ಟಿವಿ ಹೇಳಲಾಗದೆ ಬಿಟ್ಟದ್ದನ್ನು ಅವರು ಬರೆದರು: ದೂರದ ಗ್ರಹವೊಂದರಲ್ಲಿ ಸ್ಪಾಕ್ ಸಿಕ್ಕಿಬಿದ್ದಾಗ ಕಾಲ ಕೂಡಿಬಂದರೆ? ಜೊತೆಯಲ್ಲಿರುವುದು ಕರ್ಕ್ ಒಬ್ಬನೇ ಆದರೆ? ಅವರಿಬ್ಬರ ನಡುವಿನ ಪ್ರೇಮದ ಕಥೆಗಳು 1974ರಿಂದ ಅಚ್ಚಾಗತೊಡಗಿದವು. ಇಂದು ಫ್ಯಾನ್ ಫಿಕ್ಷನ್ ಎಂದು ಹೆಸರಾದ ಬರವಣಿಗೆಯ ಬಹುಪಾಲು ರೂಢಿಗಳು ಬೇರುಬಿಟ್ಟದ್ದು ಆ ಪುಟಗಳಲ್ಲಿ. ಸ್ಟರ್ಜನ್ 1953ರಲ್ಲಿ ಬರೆದ ಕಥೆಯನ್ನು ಓದಿದವರಿಗೆ ಈ ಬೆಳವಣಿಗೆ ಅಪರಿಚಿತವೆನಿಸದು.

ಪಾನ್ ಫಾರ್ ಏಳು ವರ್ಷಕ್ಕೊಮ್ಮೆ ಎಂಬ ಲೆಕ್ಕ ಹುಟ್ಟಿದ್ದು 1969ರ 'ದಿ ಕ್ಲೌಡ್ ಮೈಂಡರ್ಸ್' ಕಂತಿನಲ್ಲಿ. ಹಾಗಾದರೆ ನಡುವಿನ ವರ್ಷಗಳಲ್ಲಿ ವಲ್ಕನ್ನರು ಕೂಡುವುದೇ ಇಲ್ಲವೇ ಎಂದು ಜನ ಕೇಳುತ್ತಲೇ ಬಂದರು. ಧಾರಾವಾಹಿಯ ಕಥಾ ಸಂಪಾದಕಿಯಾಗಿದ್ದ ಡೊರೊಥಿ ಫಾಂಟಾನಾ ಅದು ತಪ್ಪು ತಿಳಿವಳಿಕೆ ಎಂದರು. ಬೇರೆ ದಿನಗಳಲ್ಲಿ ಅದು ಅವರ ಇಚ್ಛೆ, ಆ ಕಾಲದಲ್ಲಿ ಮಾತ್ರ ತಡೆಯಲಾಗದ ಒತ್ತಡ. 1984ರ 'ದಿ ಸರ್ಚ್ ಫಾರ್ ಸ್ಪಾಕ್' ಸಿನಿಮಾದಲ್ಲಿ ಮರುಹುಟ್ಟು ಪಡೆದು ಬೆಳೆಯುತ್ತಿರುವ ಹುಡುಗ ಸ್ಪಾಕ್‌ಗೆ ಈ ಜ್ವರ ಬರುತ್ತದೆ. ಅದನ್ನು ನಿರ್ದೇಶಿಸಿದ್ದು ನಿಮೋಯ್ ಅವರೇ. 1997ರಲ್ಲಿ 'ವಾಯೇಜರ್' ಧಾರಾವಾಹಿ 'ಬ್ಲಡ್ ಫೀವರ್' ಕಂತಿನಲ್ಲಿ ಇದನ್ನು ಮತ್ತೊಮ್ಮೆ ಎತ್ತಿಕೊಂಡಿತು, ಅಷ್ಟೇನೂ ಸೊಗಸಾಗಿ ಅಲ್ಲ.

ಟಿಪ್ರಿಂಗ್‌ಗೆ ತನ್ನ ಮಾತು ಆಡುವ ಅವಕಾಶ ಸಿಗಲು ಐವತ್ತೈದು ವರ್ಷ ಬೇಕಾಯಿತು. 2022ರಲ್ಲಿ ಶುರುವಾದ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಧಾರಾವಾಹಿ ಮೂಲ ಕಥೆಗಿಂತ ಹಿಂದಿನ ವರ್ಷಗಳದು. ಅದರಲ್ಲಿ ಭಾರತ ಮೂಲದ ಕೆನಡಾ ನಟಿ ಜಿಯಾ ಸಂಧು ಟಿಪ್ರಿಂಗ್ ಆಗಿದ್ದಾರೆ. 'ಸ್ಪಾಕ್ ಅಮೋಕ್' ಎಂಬ ಕಂತು ಅದೇ ಕೆಂಪು ಅಂಗಳವನ್ನು ಸ್ಪಾಕ್‌ನ ಕನಸಿನಲ್ಲಿ ಮತ್ತೆ ಕಟ್ಟುತ್ತದೆ, ಫ್ರೈಡ್‌ರ ಸಂಗೀತದ ಸಮೇತ. ಇಲ್ಲಿ ಅವಳಿಗೊಂದು ಕಸುಬಿದೆ: ತರ್ಕದ ದಾರಿ ಬಿಟ್ಟ ವಲ್ಕನ್ನರನ್ನು ಮತ್ತೆ ಆ ದಾರಿಗೆ ತರುವುದು. ನೌಕೆಯ ಕೆಲಸವೇ ಮೇಲೆಂದು ಭೇಟಿಗಳನ್ನು ತಪ್ಪಿಸಿಕೊಳ್ಳುವ ಹುಡುಗನ ಮೇಲೆ ಅವಳಿಗೆ ಸಿಟ್ಟಿದೆ, ಪ್ರೀತಿಯೂ ಇದೆ. ಇದನ್ನು ನೋಡಿ 1967ರ ಕಂತಿಗೆ ಮರಳಿದರೆ, ಸವಾಲು ಹಾಕಲು ಅವಳು ಮುಂದೆ ಬರುವ ಗಳಿಗೆಯ ತೂಕವೇ ಬೇರೆಯಾಗಿರುತ್ತದೆ.